ಪಕ್ ಬಿಡಿ, ಬೆಂಚ್ ನೋಡಿ: ಜೂನಿಯರ್ ಹಾಕಿ ಪ್ಲೇಆಫ್‌ನಲ್ಲಿ ಲೈನ್ ಬದಲಿಸುವ ಲೆಕ್ಕ

ಕೆನಡಾದ ಕಿಚನರ್‌ಗೆ ಬಂದ ಮೊದಲ ಚಳಿಗಾಲದಲ್ಲಿ ಐಸ್ ಹಾಕಿ ನೋಡಲು ಹೋಗಿದ್ದೆ. ಪಕ್, ಅಂದರೆ ಚೆಂಡಿನ ಬದಲು ಬಳಸುವ ಸಣ್ಣ ರಬ್ಬರ್ ಬಿಲ್ಲೆ, ಎಲ್ಲಿದೆ ಅಂತಲೇ ಕಣ್ಣಿಗೆ ಸಿಗುತ್ತಿರಲಿಲ್ಲ. ಜನ ಎದ್ದು ಕೂಗಿದಾಗ ಗೋಲ್ ಆಯಿತು ಅಂತ ಗೊತ್ತಾಗುತ್ತಿತ್ತು. ಪಕ್ಕದಲ್ಲಿದ್ದ ಗೆಳೆಯ ಶಿವಮೊಗ್ಗ ಕಡೆಯವನು, ಇಲ್ಲಿಗೆ ಬಂದು ಹದಿನೈದು ವರ್ಷವಾಗಿತ್ತು. "ಪಕ್ ಹುಡುಕ್ಬೇಡ ಮಾರಾಯ, ಎದುರಿಗೆ ಬೆಂಚ್ ನೋಡು" ಅಂದ.

ನೋಡಿದೆ. ಮುಕ್ಕಾಲು ನಿಮಿಷಕ್ಕೊಮ್ಮೆ ಮೂವರು ಹುಡುಗರು ಹಲಗೆ ಹಾರಿ ಐಸ್‌ಗೆ ಇಳಿಯುತ್ತಾರೆ, ಇನ್ನು ಮೂವರು ಏದುಸಿರು ಬಿಡುತ್ತಾ ಒಳಗೆ ಬಂದು ಬೀಳುತ್ತಾರೆ. ಆಟ ಒಂದು ಕ್ಷಣವೂ ನಿಂತಿರುವುದಿಲ್ಲ. ಹಿಂದೆ ಕೋಟು ಹಾಕಿಕೊಂಡು ನಿಂತ ಕೋಚ್ ಮುಂದೆ ಬಗ್ಗಿ ಯಾರದೋ ಹೆಸರು ಹೇಳುತ್ತಾನೆ. ಅವತ್ತಿನಿಂದ ನನಗೆ ಹಾಕಿ ಅರ್ಥವಾಗತೊಡಗಿದ್ದು ಆ ಬೆಂಚಿನ ಮೂಲಕವೇ.

ನಮ್ಮ ಕಡೆ ಹಾಕಿ ಅಂದರೆ ಕೊಡಗು, ಹುಲ್ಲು, ಹನ್ನೊಂದು ಜನ. ಆಟದ ನಡುವೆಯೇ ಆಟಗಾರರನ್ನು ಬದಲಿಸುವುದು ಅಲ್ಲೂ ಇದೆ. ಆದರೆ ಐಸ್ ಮೇಲೆ ಆಗುವ ವೇಗವೇ ಬೇರೆ. ಇಲ್ಲಿ ಒಂದು ಸಲಕ್ಕೆ ಐಸ್ ಮೇಲೆ ಇರುವುದು ಗೋಲಿ (ಗೋಲ್‌ಕೀಪರ್) ಸೇರಿ ಆರು ಜನ. ಬಟ್ಟೆ ಹಾಕಿ ತಯಾರಾಗಿರುವವರು ಇಪ್ಪತ್ತು. ಅದರಲ್ಲಿ ಇಬ್ಬರು ಗೋಲಿಗಳು, ಸಾಮಾನ್ಯವಾಗಿ ಹನ್ನೆರಡು ಫಾರ್ವರ್ಡ್‌ಗಳು, ಆರು ಡಿಫೆನ್ಸ್. ಒಬ್ಬ ಸೆಂಟರ್, ಇಬ್ಬರು ವಿಂಗರ್ ಸೇರಿದರೆ ಒಂದು ಲೈನ್. ಹಾಗಾಗಿ ನಾಲ್ಕು ಲೈನ್, ಮೂರು ಡಿಫೆನ್ಸ್ ಜೋಡಿ. ಗೋಲಿಯನ್ನು ಸರದಿಯಲ್ಲಿ ಬದಲಿಸುವುದಿಲ್ಲ, ಅವನದು ಇಡೀ ಪಂದ್ಯ.

ಒಂದು ಸಲ ಐಸ್‌ಗೆ ಇಳಿದು ವಾಪಸ್ ಬರುವುದಕ್ಕೆ ಶಿಫ್ಟ್ ಅನ್ನುತ್ತಾರೆ. ಒಳ್ಳೆಯ ಶಿಫ್ಟ್ ಅಂದರೆ 40ರಿಂದ 50 ಸೆಕೆಂಡು. ಇಷ್ಟು ಕಮ್ಮಿ ಯಾಕೆ? ಕಬಡ್ಡಿಯಲ್ಲಿ ರೈಡ್‌ಗೆ ಹೋದವನನ್ನು ನೆನಪಿಸಿಕೊಳ್ಳಿ. ಮೂವತ್ತು ಸೆಕೆಂಡಿನ ರೈಡ್ ಮುಗಿಸಿ ಬಂದವನನ್ನು ಆ ಕ್ಷಣವೇ ಮತ್ತೆ ಕಳಿಸಿದರೆ ಕಾಲು ಏಳುವುದಿಲ್ಲ, ಅಲ್ವಾ? ಇಲ್ಲೂ ಅದೇ. ಪೂರ್ತಿ ಬಲ ಹಾಕಿ ಓಡುವಾಗ ಸ್ನಾಯುವಿನಲ್ಲಿ ಕೂಡಿಟ್ಟ ತುರ್ತಿನ ಶಕ್ತಿ ಹತ್ತು ಸೆಕೆಂಡಿನ ಆಚೀಚೆ ಖಾಲಿಯಾಗುತ್ತದೆ. ಆಮೇಲೆ ದೇಹ ಸಕ್ಕರೆ ಅಂಶವನ್ನು ಆತುರಾತುರವಾಗಿ ಸುಡುತ್ತದೆ, ಅದಕ್ಕೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ, ತೊಡೆ ಉರಿಯಲು ಶುರುವಾಗುತ್ತದೆ. ಮುಕ್ಕಾಲು ನಿಮಿಷದ ನಂತರ ಹುಡುಗ ಸ್ಕೇಟ್ ಮಾಡುತ್ತಿರುತ್ತಾನೆ, ಆದರೆ ಅವನ ವೇಗ ಹೋಗಿರುತ್ತದೆ. ಆ ಶಕ್ತಿ ಬಹುಪಾಲು ಮರಳಿ ತುಂಬಲು ಎರಡು ಮೂರು ನಿಮಿಷ ಬೇಕು. ನಾಲ್ಕು ಲೈನ್ ಸರದಿಯಲ್ಲಿ ಆಡಿದರೆ ಪ್ರತಿಯೊಬ್ಬನಿಗೂ ಸರಿಯಾಗಿ ಅಷ್ಟೇ ವಿಶ್ರಾಂತಿ ಸಿಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಪಂದ್ಯ ಅಂದರೆ ಇಪ್ಪತ್ತು ನಿಮಿಷದ ಮೂರು ಪೀರಿಯಡ್, ಒಟ್ಟು 60 ನಿಮಿಷ. ನಾಲ್ಕು ಲೈನ್‌ಗೆ ಸಮನಾಗಿ ಹಂಚಿದರೆ ತಲಾ 15 ನಿಮಿಷ, ಅಂದರೆ 45 ಸೆಕೆಂಡಿನ ಇಪ್ಪತ್ತು ಶಿಫ್ಟ್. ನಾಲ್ಕನೇ ಲೈನನ್ನು ಕೂರಿಸಿ ಮೂರೇ ಲೈನ್ ಆಡಿಸಿದರೆ ತಲಾ 20 ನಿಮಿಷ, ಹತ್ತಿರ ಹತ್ತಿರ 27 ಶಿಫ್ಟ್. ಇದನ್ನು ಬೆಂಚ್ ಕುಗ್ಗಿಸುವುದು ಅನ್ನಬಹುದು. ಒಂದು ಪಂದ್ಯಕ್ಕೆ ಐದು ನಿಮಿಷ ಜಾಸ್ತಿ, ಏನು ಮಹಾ ಅನ್ನಿಸುತ್ತದೆ. ಆದರೆ ಪ್ಲೇಆಫ್, ಅಂದರೆ ಲೀಗ್ ಹಂತ ಮುಗಿದ ಮೇಲಿನ ನಾಕೌಟ್ ಹಂತ, ಒಂದು ಪಂದ್ಯ ಅಲ್ಲ.

ನಮ್ಮ ಕಿಚನರ್ ತಂಡ ಆಡುವ ಜೂನಿಯರ್ ಲೀಗ್, ಒಂಟಾರಿಯೋ ಹಾಕಿ ಲೀಗನ್ನೇ ತೆಗೆದುಕೊಳ್ಳಿ. ಎಲ್ಲರೂ ಓಎಚ್ಎಲ್ ಅನ್ನುವುದು ಇದನ್ನೇ. 20 ತಂಡಗಳು. ಲೀಗ್ ಹಂತದಲ್ಲಿ ಪ್ರತಿ ತಂಡಕ್ಕೆ 68 ಪಂದ್ಯ. ಅದರಲ್ಲಿ 16 ತಂಡ ಪ್ಲೇಆಫ್‌ಗೆ ಬರುತ್ತವೆ. ಆಮೇಲೆ ನಾಲ್ಕು ಸುತ್ತು. ಪ್ರತಿ ಸುತ್ತಿನಲ್ಲೂ ಒಂದೇ ಎದುರಾಳಿಯ ಜೊತೆ ಏಳು ಪಂದ್ಯದವರೆಗೆ ಆಡಬೇಕು, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಕಪ್ ಎತ್ತಬೇಕಾದರೆ 16 ಗೆಲುವು ಬೇಕು. ಎಲ್ಲ ಸರಣಿಯೂ ಏಳಕ್ಕೆ ಹೋದರೆ 28 ಪಂದ್ಯ. ಅಲ್ಲಿಗೂ ಮುಗಿಯಲಿಲ್ಲ. ಪಶ್ಚಿಮದ ಲೀಗ್, ಕ್ವಿಬೆಕ್ ಕಡೆಯ ಲೀಗ್, ಒಂಟಾರಿಯೋ, ಈ ಮೂರರ ಚಾಂಪಿಯನ್‌ಗಳು ಮತ್ತು ಆತಿಥ್ಯ ವಹಿಸುವ ಊರಿನ ತಂಡ ಸೇರಿ ಮೆಮೋರಿಯಲ್ ಕಪ್ ಆಡುತ್ತವೆ. ಮೊದಲ ಮಹಾಯುದ್ಧದಲ್ಲಿ ಸತ್ತ ಸೈನಿಕರ ನೆನಪಿಗೆ 1919ರಲ್ಲಿ ಶುರುವಾದ ಕಪ್ ಅದು.

ಪಂದ್ಯಕ್ಕೆ ಐದು ನಿಮಿಷ ಜಾಸ್ತಿ ಅಂದರೆ ಏಳು ಪಂದ್ಯಕ್ಕೆ 35 ನಿಮಿಷ. ನಾಲ್ಕು ಸುತ್ತಿಗೆ ಎರಡು ಗಂಟೆಗೂ ಮೇಲೆ. ಇಷ್ಟೆಲ್ಲಾ ಆಡುವವರು 16ರಿಂದ 20 ವರ್ಷದ ಹುಡುಗರು ಅನ್ನುವುದನ್ನು ಮರೆಯಬಾರದು. ತುಂಬಾ ಜನ ಇನ್ನೂ ಹೈಸ್ಕೂಲು. ಊರು ಬಿಟ್ಟು ಬಂದು ಬೇರೆಯವರ ಮನೆಯಲ್ಲಿ ಇದ್ದುಕೊಂಡು ಆಡುತ್ತಾರೆ. ರಾತ್ರಿ ಪಂದ್ಯ ಮುಗಿಸಿ ಬಸ್ಸಿನಲ್ಲಿ ಗಂಟೆಗಟ್ಟಲೆ ಕೂತು ಊರು ಸೇರುತ್ತಾರೆ.

ಹಾಗಾದರೆ ಎಲ್ಲ ಕೋಚ್‌ಗಳೂ ನಾಲ್ಕು ಲೈನ್ ಸಮನಾಗಿ ಆಡಿಸಬಹುದಲ್ಲ? ಇಲ್ಲೇ ಕಷ್ಟ ಇರುವುದು. ನಾಲ್ಕು ಲೈನೂ ಒಂದೇ ತರ ಇರುವುದಿಲ್ಲ. ಮೊದಲ ಎರಡು ಲೈನ್ ಗೋಲ್ ಹೊಡೆಯುವವರದು. ಮೂರನೆಯದು ಸಾಮಾನ್ಯವಾಗಿ ಎದುರಾಳಿಯ ಒಳ್ಳೆಯ ಆಟಗಾರರನ್ನು ಕಟ್ಟಿಹಾಕುವ ಲೈನ್. ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಹೊಸ ಹುಡುಗರು, ಹದಿನಾರು ಹದಿನೇಳರವರು. ಜೂನಿಯರ್ ಹಾಕಿಯಲ್ಲಿ ಈ ಅಂತರ ದೊಡ್ಡವರ ಲೀಗ್‌ಗಿಂತ ಜಾಸ್ತಿ. ಒಂದು ತಂಡ ಇಪ್ಪತ್ತು ವರ್ಷದವರನ್ನು ಮೂವರನ್ನು ಮಾತ್ರ ಇಟ್ಟುಕೊಳ್ಳಬಹುದು. ಆ ಮೂವರಿಗೆ ಗಡ್ಡ ಬಂದಿರುತ್ತದೆ, ಭುಜ ಅಗಲವಾಗಿರುತ್ತದೆ. ಅವರ ಎದುರು ಈಗಷ್ಟೇ ಉದ್ದವಾಗಿ ಇನ್ನೂ ಮೈ ತುಂಬದ ಹದಿನಾರರ ಹುಡುಗ ನಿಂತರೆ ಐಸ್ ಸುತ್ತಲಿನ ಹಲಗೆ ಗೋಡೆಗೆ ಒತ್ತಿ ಪಕ್ ಕಿತ್ತುಕೊಂಡು ಹೋಗುತ್ತಾರೆ. ನಮ್ಮ ನಾಲ್ಕನೇ ಲೈನ್, ಅವರ ಮೊದಲ ಲೈನ್ ಎದುರುಬದುರಾದರೆ ಏನಾಗಬಹುದು ಅನ್ನುವ ಭಯ ಕೋಚ್‌ಗೆ ಇದ್ದೇ ಇರುತ್ತದೆ.

ಅದಕ್ಕೇ ಮ್ಯಾಚಿಂಗ್. ಅವರ ಯಾವ ಲೈನ್ ಇಳಿದರೆ ನಮ್ಮ ಯಾವ ಲೈನ್ ಇಳಿಯಬೇಕು ಅಂತ ಮೊದಲೇ ತೀರ್ಮಾನಿಸಿಕೊಂಡು ಆಡಿಸುವುದು. ಇದರಲ್ಲಿ ಸ್ವಂತ ಊರಿನ ತಂಡಕ್ಕೆ ಒಂದು ದೊಡ್ಡ ಅನುಕೂಲ ಇದೆ, ಲಾಸ್ಟ್ ಚೇಂಜ್. ಆಟ ನಿಂತಾಗ ಹೊರಗಿನಿಂದ ಬಂದ ತಂಡ ಮೊದಲು ತನ್ನ ಐವರನ್ನು ಕಳಿಸಬೇಕು. ಆಮೇಲೆ ರೆಫರಿ ಕೈ ಎತ್ತುತ್ತಾನೆ, ಊರಿನ ತಂಡದ ಕೋಚ್ ಎದುರಿಗೆ ಯಾರಿದ್ದಾರೆ ಅಂತ ನೋಡಿಕೊಂಡು ತನ್ನವರನ್ನು ಕಳಿಸುತ್ತಾನೆ. ಇಸ್ಪೀಟಿನಲ್ಲಿ ಎದುರಿನವನ ಎಲೆ ನೋಡಿ ನಮ್ಮ ಎಲೆ ಇಳಿಸಿದ ಹಾಗೆ. 68 ಪಂದ್ಯ ಕಷ್ಟಪಟ್ಟು ಆಡಿ ಮೇಲಿನ ಸ್ಥಾನ ಗಳಿಸುವುದರಲ್ಲಿ ಇದೂ ಒಂದು ಲಾಭ. ಏಳನೇ ಪಂದ್ಯ ಬಂದರೆ ಅದು ನಮ್ಮೂರಲ್ಲಿ ನಡೆಯುತ್ತದೆ, ಕೊನೆಯ ಎಲೆ ನಮ್ಮ ಕೈಯಲ್ಲಿ ಇರುತ್ತದೆ.

ಹೊರಗಿನಿಂದ ಬಂದ ಕೋಚ್ ಸುಮ್ನೆ ಕೂರುವುದಿಲ್ಲ. ಫೇಸಾಫ್‌ಗೆ (ಎರಡೂ ಕಡೆಯ ಒಬ್ಬೊಬ್ಬರ ನಡುವೆ ಪಕ್ ಬೀಳಿಸಿ ಆಟ ಮತ್ತೆ ಶುರು ಮಾಡುವುದು) ಒಂದು ಲೈನ್ ಕಳಿಸುತ್ತಾನೆ, ಅವರು ಹತ್ತೇ ಸೆಕೆಂಡಿನಲ್ಲಿ ವಾಪಸ್ ಬರುತ್ತಾರೆ, ನಿಜವಾದ ಲೈನ್ ಆಗ ಇಳಿಯುತ್ತದೆ. ಎದುರಿನ ಕೋಚ್ ಅದನ್ನು ಗಮನಿಸಿ ತನ್ನವರನ್ನು ವಾಪಸ್ ಕರೆಯುವಷ್ಟರಲ್ಲಿ ಅರ್ಧ ಶಿಫ್ಟ್ ಮುಗಿದಿರುತ್ತದೆ. ಇದನ್ನು ಬೆಂಚಿನಲ್ಲೇ ನೋಡಬೇಕು, ಇಬ್ಬರು ಕೋಚ್‌ಗಳು ಐಸ್ ನೋಡುವುದನ್ನೇ ಬಿಟ್ಟು ಪರಸ್ಪರರ ಬೆಂಚನ್ನೇ ದಿಟ್ಟಿಸುತ್ತಿರುತ್ತಾರೆ.

ಆದರೆ ಮ್ಯಾಚಿಂಗ್ ಹುಚ್ಚು ಹತ್ತಿದರೆ ನಷ್ಟವೂ ಇದೆ. ಹುಡುಗರಿಗೆ ತಮ್ಮ ಸರದಿ ಯಾವಾಗ ಅಂತಲೇ ಗೊತ್ತಾಗುವುದಿಲ್ಲ. ಒಬ್ಬ ಇಪ್ಪತ್ತು ಸೆಕೆಂಡಿಗೆ ವಾಪಸ್ ಬರುತ್ತಾನೆ, ಇನ್ನೊಬ್ಬ ನಾಲ್ಕು ನಿಮಿಷ ಕೂತು ಕಾಲು ತಣ್ಣಗಾಗುತ್ತದೆ. ಆಟದ ಲಯ ಕೆಟ್ಟು ಹೋಗುತ್ತದೆ. ಅದಕ್ಕೇ ತುಂಬಾ ಕೋಚ್‌ಗಳು ನಡುವಿನ ದಾರಿ ಹಿಡಿಯುತ್ತಾರೆ. ಫಾರ್ವರ್ಡ್ ಲೈನ್‌ಗಳನ್ನು ಸರದಿಯಂತೆ ಬಿಟ್ಟು, ಡಿಫೆನ್ಸ್ ಜೋಡಿಯನ್ನು ಮಾತ್ರ ಎದುರಾಳಿಗೆ ತಕ್ಕಂತೆ ಇಳಿಸುತ್ತಾರೆ. ಅವರ ಮೊದಲ ಲೈನ್ ಬಂದಾಗೆಲ್ಲ ನಮ್ಮ ಅತಿ ಗಟ್ಟಿ ಜೋಡಿ. ಸಾಮಾನ್ಯವಾಗಿ ಬೆಂಚಿನಲ್ಲಿ ಈ ಕೆಲಸವೂ ಹಂಚಿಕೆಯಾಗಿರುತ್ತದೆ, ಮುಖ್ಯ ಕೋಚ್ ಫಾರ್ವರ್ಡ್‌ಗಳನ್ನು ಕಳಿಸಿದರೆ ಸಹಾಯಕ ಕೋಚ್ ಡಿಫೆನ್ಸ್ ಬಾಗಿಲ ಹತ್ತಿರ ನಿಂತು ಅವರನ್ನು ನೋಡಿಕೊಳ್ಳುತ್ತಾನೆ. ನನಗೆ ಈ ದಾರಿಯೇ ಸರಿ ಅನ್ನಿಸುತ್ತದೆ, ಮುಖ್ಯವಾಗಿ ಈ ವಯಸ್ಸಿನವರಿಗೆ.

ಈಗ ಎರಡನೇ ಪೀರಿಯಡ್ ವಿಷಯ. ಇದು ಗೊತ್ತಾದ ಮೇಲೆ ನೀವು ಹಾಕಿ ನೋಡುವ ರೀತಿಯೇ ಬದಲಾಗುತ್ತದೆ. ಎರಡೂ ತಂಡದ ಬೆಂಚು ಒಂದೇ ಬದಿಯಲ್ಲಿ ಅಕ್ಕಪಕ್ಕ ಇರುತ್ತವೆ. ಮೊದಲ ಪೀರಿಯಡ್‌ನಲ್ಲಿ ನಮ್ಮ ಬೆಂಚು ನಮ್ಮ ಗೋಲಿಗೆ ಹತ್ತಿರದ ಕಡೆ. ಎರಡನೆಯದರಲ್ಲಿ ತಂಡಗಳು ತುದಿ ಬದಲಿಸುತ್ತವೆ, ಬೆಂಚು ಮಾತ್ರ ಅಲ್ಲೇ ಇರುತ್ತದೆ. ಹಾಗಾಗಿ ಡಿಫೆನ್ಸ್ ಮಾಡುತ್ತಿರುವ ಹುಡುಗರಿಗೆ ಬೆಂಚು ದೂರವಾಯಿತು. ಇದೇ ಲಾಂಗ್ ಚೇಂಜ್. ಎದುರಾಳಿ ನಮ್ಮ ಕಡೆಯೇ ಪಕ್ ಇಟ್ಟುಕೊಂಡು ಆಡುತ್ತಿದ್ದರೆ ನಮ್ಮ ಐವರು ಬದಲಾಗಲು ಆಗುವುದೇ ಇಲ್ಲ. ನಿಮಿಷ ದಾಟುತ್ತದೆ, ಒಂದೂವರೆ ನಿಮಿಷ ಆಗುತ್ತದೆ. ಕೋಲನ್ನು ಮಂಡಿಯ ಮೇಲೆ ಅಡ್ಡ ಇಟ್ಟು ಬಗ್ಗಿ ನಿಂತು ಉಸಿರು ಎಳೆಯುವ ಹುಡುಗ ಕಂಡರೆ ಅರ್ಥಮಾಡಿಕೊಳ್ಳಿ, ಇನ್ನು ಗೋಲ್ ಬೀಳುವ ಸಾಧ್ಯತೆ ಜಾಸ್ತಿ. ಎದುರಿನವರು ಮಾತ್ರ ತಮ್ಮ ಹತ್ತಿರದ ಬೆಂಚಿನಿಂದ ಒಬ್ಬೊಬ್ಬರನ್ನೇ ಬದಲಿಸಿಕೊಳ್ಳುತ್ತಾ ಹೊಸ ಕಾಲು ತರುತ್ತಿರುತ್ತಾರೆ.

ಸುಸ್ತಾದವರು ಏನು ಮಾಡುತ್ತಾರೆ? ಪಕ್ ಸಿಕ್ಕ ತಕ್ಷಣ ದೂರಕ್ಕೆ ಹೊಡೆದು ಉಸಿರು ಬಿಡೋಣ ಅನ್ನಿಸುತ್ತದೆ. ಮಧ್ಯದ ಕೆಂಪು ಗೆರೆಯ ಹಿಂದಿನಿಂದ ಹೊಡೆದ ಪಕ್ ಯಾರಿಗೂ ತಾಗದೆ ಎದುರಿನ ಗೋಲ್ ಗೆರೆ ದಾಟಿದರೆ ಅದು ಐಸಿಂಗ್. ಆಟ ನಿಲ್ಲುತ್ತದೆ, ಫೇಸಾಫ್ ಮತ್ತೆ ಹೊಡೆದವರ ಗೋಲಿನ ಪಕ್ಕದಲ್ಲೇ. ಇನ್ನೂ ದೊಡ್ಡ ಶಿಕ್ಷೆ ಏನೆಂದರೆ ಐಸಿಂಗ್ ಮಾಡಿದ ತಂಡ ಆಟಗಾರರನ್ನು ಬದಲಿಸುವಂತಿಲ್ಲ. ಎದುರಾಳಿ ಬದಲಿಸಬಹುದು. ಆ ಕ್ಷಣಕ್ಕೆ ಕೋಚ್ ಯಾವ ಲೈನ್ ಕಳಿಸುತ್ತಾನೆ ನೋಡಿ, ಬಹುಪಾಲು ಮೊದಲ ಲೈನೇ. ಊರಿನ ತಂಡವಾಗಲಿ, ಹೊರಗಿನ ತಂಡವಾಗಲಿ, ಇದೊಂದು ಸಂದರ್ಭದಲ್ಲಿ ಬೇಕಾದ ಮ್ಯಾಚ್ ತಾನಾಗಿ ಕೈಗೆ ಬರುತ್ತದೆ.

ಪೆನಾಲ್ಟಿಗಳು ಬಂದರೆ ಸರದಿ ಇನ್ನಷ್ಟು ಕದಡುತ್ತದೆ. ತಪ್ಪು ಮಾಡಿದವನು ಎರಡು ನಿಮಿಷ ಹೊರಗೆ ಕೂರಬೇಕು, ಅಷ್ಟು ಹೊತ್ತು ಐವರಿಗೆ ನಾಲ್ವರು. ಪವರ್ ಪ್ಲೇಗೆ, ಅಂದರೆ ಐವರಿರುವ ಕಡೆಯ ಆಟಕ್ಕೆ, ಒಳ್ಳೆಯ ಗೋಲ್ ಹೊಡೆಯುವವರು ಬೇರೆ ಬೇರೆ ಲೈನ್‌ನಿಂದ ಹೋಗುತ್ತಾರೆ, ಪೆನಾಲ್ಟಿ ತಡೆಯಲು ನಂಬಿಕೆಯ ಮೂರನೇ ಲೈನ್‌ನವರು. ಎರಡು ನಿಮಿಷ ಮುಗಿದಾಗ ಎರಡೂ ಬೆಂಚಿನಲ್ಲಿ ಇವರೆಲ್ಲ ಸುಸ್ತು. ಪೂರ್ತಿ ವಿಶ್ರಾಂತಿಯಲ್ಲಿ ಇರುವವರು ಯಾರು? ನಾಲ್ಕನೇ ಲೈನ್. ಪೆನಾಲ್ಟಿ ಮುಗಿದ ತಕ್ಷಣದ ಶಿಫ್ಟ್ ಅವರದೇ ಆಗುವುದು ಅದಕ್ಕೇ. ಆ ಮುಕ್ಕಾಲು ನಿಮಿಷ ಅವರನ್ನು ನಂಬಲು ಆಗದ ಕೋಚ್ ಸುಸ್ತಾದವರನ್ನೇ ಮತ್ತೆ ಕಳಿಸಬೇಕಾಗುತ್ತದೆ.

ಬದಲಾವಣೆಯನ್ನೇ ಆಯುಧ ಮಾಡಿಕೊಂಡವರೂ ಇದ್ದರು. ರೋಜರ್ ನೀಲ್ಸನ್ ಅಂತ ಒಬ್ಬ ಕೋಚ್, 1966ರಿಂದ 1976ರವರೆಗೆ ಒಂಟಾರಿಯೋದ ಪೀಟರ್‌ಬರೋ ಪೀಟ್ಸ್ ಜೂನಿಯರ್ ತಂಡ ನೋಡಿಕೊಂಡರು. ಶಾಲೆಯಲ್ಲಿ ಮೇಷ್ಟ್ರೂ ಆಗಿದ್ದರು. ನಿಯಮದ ಪುಸ್ತಕವನ್ನು ಅಕ್ಷರ ಬಿಡದೆ ಓದುತ್ತಿದ್ದರು. ಒಂದು ಸಲ ಪಂದ್ಯದ ಕೊನೆಯ ನಿಮಿಷ, ಒಂದು ಗೋಲ್ ಮುಂದೆ ಇದ್ದಾರೆ, ಆದರೆ ಪೆನಾಲ್ಟಿಯಿಂದ ಇಬ್ಬರು ಕಮ್ಮಿ. ಆಗಿನ ನಿಯಮದಂತೆ ಮೂರಕ್ಕಿಂತ ಕಮ್ಮಿ ಆಟಗಾರರಿಗೆ ಇಳಿಸುವಂತಿರಲಿಲ್ಲ, ಉಳಿದ ಸಮಯದಲ್ಲಿ ಹೊಸ ಪೆನಾಲ್ಟಿ ಕಟ್ಟಲು ಅವಕಾಶವೂ ಇರಲಿಲ್ಲ. ನೀಲ್ಸನ್ ಬೇಕೆಂದೇ ಹೆಚ್ಚುವರಿ ಆಟಗಾರನನ್ನು ಐಸ್‌ಗೆ ಕಳಿಸಿದರು. ರೆಫರಿ ಆಟ ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಕಳಿಸಿದರು, ಮತ್ತೆ ನಿಂತಿತು. ಪ್ರತಿ ಸಲ ಎದುರಾಳಿಯ ದಾಳಿ ಮುರಿದು ಹೊಸದಾಗಿ ಫೇಸಾಫ್. ಆಮೇಲೆ ನಿಯಮವನ್ನೇ ಬದಲಿಸಿದರು, ಕೊನೆಯಲ್ಲಿ ಬೇಕೆಂದು ಹೀಗೆ ಮಾಡಿದರೆ ಈಗ ಎದುರಾಳಿಗೆ ಪೆನಾಲ್ಟಿ ಶಾಟ್ (ಗೋಲಿಯೊಬ್ಬನ ಎದುರು ಒಬ್ಬನೇ ಹೊಡೆಯುವ ಅವಕಾಶ) ಸಿಗುತ್ತದೆ. ಇದೇ ನೀಲ್ಸನ್ ತಮ್ಮ ನಾಯಿಯನ್ನು ಗೋಲಿನ ಮುಂದೆ ನಿಲ್ಲಿಸಿ, ತಾವು ಗೋಲಿನ ಹಿಂದೆ ಪಕ್ ಹಿಡಿದು ಆಚೀಚೆ ಓಡಾಡಿ ಹುಡುಗರಿಗೆ ತೋರಿಸುತ್ತಿದ್ದರು. ನಾಯಿ ಹಿಂದೆ ಓಡಿ ಬರುತ್ತಿರಲಿಲ್ಲ, ಇವರು ಹೊರಗೆ ಬರುವವರೆಗೆ ಮುಂದೆಯೇ ಕಾಯುತ್ತಿತ್ತು. ಗೋಲಿನ ಹಿಂದೆ ಹೋದವನನ್ನು ಅಟ್ಟಬೇಡಿ ಅನ್ನುವ ಪಾಠ ಅದು. ಪಂದ್ಯದ ವಿಡಿಯೋ ಹಾಕಿ ಪಾಠ ಮಾಡುವುದನ್ನು ಹಾಕಿಗೆ ತಂದವರಲ್ಲಿಯೂ ಅವರೇ ಮೊದಲಿಗರು. ನನಗೆ ಆ ಮನುಷ್ಯನ ಮೇಲೆ ತುಂಬಾ ಗೌರವ.

ಓವರ್‌ಟೈಮ್‌ಗೆ ಬಂದರೆ ಈ ಲೆಕ್ಕವೆಲ್ಲ ಬಯಲಿಗೆ ಬೀಳುತ್ತದೆ. ಪ್ಲೇಆಫ್‌ನಲ್ಲಿ ಶೂಟೌಟ್ ಇಲ್ಲ. ಸಮ ಆದರೆ ಮತ್ತೆ ಇಪ್ಪತ್ತು ನಿಮಿಷ, ಐವರಿಗೆ ಐವರು, ಮೊದಲ ಗೋಲ್‌ಗೆ ಮುಗಿಯಿತು. ಗೋಲ್ ಬೀಳದಿದ್ದರೆ ಇನ್ನೊಂದು ಇಪ್ಪತ್ತು. 2017ರ ಏಪ್ರಿಲ್ ಶುರುವಿನಲ್ಲಿ ಪಶ್ಚಿಮದ ಲೀಗ್‌ನ ಮೊದಲ ಸುತ್ತು. ವಿಕ್ಟೋರಿಯಾ ರಾಯಲ್ಸ್ ಮತ್ತು ಅಮೆರಿಕದ ಕಡೆಯ ಎವರೆಟ್ ಸಿಲ್ವರ್‌ಟಿಪ್ಸ್ ನಡುವೆ ಆರನೇ ಪಂದ್ಯ. 2-2 ಆಗಿ ಓವರ್‌ಟೈಮ್‌ಗೆ ಹೋಯಿತು. ಒಂದು ಮುಗಿಯಿತು, ಎರಡು, ಮೂರು, ನಾಲ್ಕು. ಐದನೇ ಓವರ್‌ಟೈಮ್‌ನಲ್ಲಿ 11 ನಿಮಿಷ 36 ಸೆಕೆಂಡಿಗೆ ಎವರೆಟ್ ಗೋಲ್ ಹೊಡೆಯಿತು. ಒಟ್ಟು 151 ನಿಮಿಷ 36 ಸೆಕೆಂಡು. ಎರಡೂವರೆ ಪಂದ್ಯ ಒಂದೇ ರಾತ್ರಿಯಲ್ಲಿ. ಮೆಮೋರಿಯಲ್ ಕಪ್‌ಗೆ ತಂಡ ಕಳಿಸುವ ಆ ಮೂರು ಜೂನಿಯರ್ ಲೀಗ್‌ಗಳಲ್ಲಿ ಅಷ್ಟು ಉದ್ದದ ಪಂದ್ಯ ಅಲ್ಲಿಯವರೆಗೆ ನಡೆದಿರಲಿಲ್ಲ.

ಅಲ್ಲಿ ಕೂತು ನೀವೇ ಲೆಕ್ಕ ಹಾಕಿ. ನಾಲ್ಕು ಲೈನ್ ಸಮನಾಗಿ ಆಡಿಸಿದರೆ ಒಬ್ಬೊಬ್ಬನಿಗೆ ಸುಮಾರು 38 ನಿಮಿಷ. ಮೂರೇ ಆದರೆ 50. ನಾಲ್ಕೇ ಡಿಫೆನ್ಸ್ ಆಟಗಾರರನ್ನು ನಂಬಿದರೆ ಒಬ್ಬೊಬ್ಬನಿಗೆ ಸುಮಾರು 76 ನಿಮಿಷ, ಅದು ಯಾವ ಹುಡುಗನಿಂದಲೂ ಆಗದ ಮಾತು. ಓವರ್‌ಟೈಮ್‌ನಲ್ಲೂ ಪ್ರತಿ ಸಲ ತುದಿ ಬದಲಾಗುತ್ತದೆ, ಆದ್ದರಿಂದ ಲಾಂಗ್ ಚೇಂಜ್ ಮತ್ತೆ ಮತ್ತೆ ಬರುತ್ತದೆ. ಆ ಹೊತ್ತಿಗೆ ಯಾರು ಪ್ರತಿಭಾವಂತ ಅನ್ನುವುದಕ್ಕಿಂತ ಯಾರ ಕಾಲಲ್ಲಿ ಇನ್ನೂ ಸ್ವಲ್ಪ ಬಲ ಉಳಿದಿದೆ ಅನ್ನುವುದೇ ಮುಖ್ಯ. ಆ ಬಲ ಉಳಿದಿರುವುದು ಮೊದಲ ಮೂರು ಪೀರಿಯಡ್‌ನಲ್ಲಿ ಕೋಚ್ ಬೆಂಚನ್ನು ಹೇಗೆ ಬಳಸಿದ ಅನ್ನುವುದರ ಮೇಲೆ.

ಸರಣಿ ಬೇಗ ಮುಗಿಸುವುದೂ ಒಂದು ವಿಶ್ರಾಂತಿಯೇ. ಡೇಲ್ ಹಂಟರ್ ಕೋಚ್ ಆಗಿರುವ ಲಂಡನ್ ನೈಟ್ಸ್ (ಒಂಟಾರಿಯೋದ ಲಂಡನ್ ಇದು) 2024ರಲ್ಲಿ ಮೆಮೋರಿಯಲ್ ಕಪ್ ಫೈನಲ್‌ನಲ್ಲಿ 0-3 ಹಿಂದೆ ಬಿದ್ದು 3-3 ಮಾಡಿತ್ತು. ಕೊನೆಗೆ ಸುಮಾರು 22 ಸೆಕೆಂಡು ಉಳಿದಿದ್ದಾಗ ಆತಿಥೇಯ ಸ್ಯಾಗಿನಾ ಗೋಲ್ ಹೊಡೆದು ಗೆದ್ದಿತು. ಮರುವರ್ಷ ಅದೇ ಲಂಡನ್ ಒಂಟಾರಿಯೋ ಪ್ಲೇಆಫ್‌ನಲ್ಲಿ ಮೊದಲ ಮೂರು ಸರಣಿಯನ್ನೂ ನಾಲ್ಕು ನಾಲ್ಕು ಪಂದ್ಯಕ್ಕೇ ಮುಗಿಸಿತು. ಅದರಲ್ಲಿ ಒಂದು ನಮ್ಮ ಕಿಚನರ್ ತಂಡದ ಎದುರು, ಆ ವಾರ ನಮ್ಮ ಊರಿಗೆ ಊರೇ ಸಪ್ಪೆಯಾಗಿತ್ತು. ಫೈನಲ್ ಐದು ಪಂದ್ಯ. ಒಟ್ಟು 28 ಆಡಬೇಕಾಗಿ ಬರಬಹುದಾದ ಕಡೆ 17ಕ್ಕೇ ಮುಗಿಯಿತು. ಆಮೇಲೆ ರಿಮೂಸ್ಕಿಯಲ್ಲಿ ನಡೆದ ಮೆಮೋರಿಯಲ್ ಕಪ್ ಫೈನಲ್‌ನಲ್ಲಿ ಮೆಡಿಸಿನ್ ಹ್ಯಾಟ್ ಟೈಗರ್ಸ್ ಎದುರು 4-1 ಗೆಲುವು. ಒಳ್ಳೆಯ ಆಟಗಾರರು ಇದ್ದರು, ನಿಜ. ಆದರೆ ಹನ್ನೊಂದು ಪಂದ್ಯ ಆಡದೆ ಉಳಿಸಿಕೊಂಡ ಕಾಲುಗಳ ಬೆಲೆಯನ್ನೂ ಮರೆಯಬಾರದು.

ಬೆಂಚ್ ಕುಗ್ಗಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಏಳನೇ ಪಂದ್ಯ, ಹತ್ತು ನಿಮಿಷ ಬಾಕಿ, ಒಂದು ಗೋಲ್ ಹಿಂದೆ ಇದ್ದರೆ ಉಳಿಸಿಕೊಳ್ಳಲು ನಾಳೆ ಇಲ್ಲ, ಗೋಲ್ ಹೊಡೆಯುವವರನ್ನೇ ಕಳಿಸಬೇಕು. ನನ್ನ ತಕರಾರು ಮೊದಲ ಸುತ್ತಿನ ಎರಡನೇ ಪಂದ್ಯದಲ್ಲೇ, ಮೊದಲ ಪೀರಿಯಡ್‌ನಲ್ಲಿ ಒಂದು ತಪ್ಪು ಮಾಡಿದ್ದಕ್ಕೆ ಹುಡುಗನನ್ನು ರಾತ್ರಿಯಿಡೀ ಕೂರಿಸುವುದರ ಬಗ್ಗೆ. ಅವನ ಐದು ನಿಮಿಷ ಇನ್ನೊಬ್ಬನ ಕಾಲಿಗೆ ಹೋಗಿ ಬೀಳುತ್ತದೆ, ಮೇ ತಿಂಗಳಲ್ಲಿ ಅದು ಗೊತ್ತಾಗುತ್ತದೆ.

ಒಂದು ಪ್ಲೇಆಫ್ ಪಂದ್ಯದಲ್ಲಿ ನನ್ನ ಸೀಟು ಬೆಂಚಿನ ಹಿಂದೆಯೇ ಸಿಕ್ಕಿತ್ತು. ನಾಲ್ಕನೇ ಲೈನ್‌ನ ಒಬ್ಬ ಸಣ್ಣ ಹುಡುಗ, ಮೂರನೇ ಪೀರಿಯಡ್ ಪೂರ್ತಿ ಒಂದು ಶಿಫ್ಟೂ ಸಿಗಲಿಲ್ಲ. ಬೇರೆಯವರು ಬರುವಾಗ ಬಾಗಿಲು ತೆಗೆಯುತ್ತಿದ್ದ, ನೀರಿನ ಬಾಟಲಿ ಕೊಡುತ್ತಿದ್ದ, ಕೂತಲ್ಲೇ ಮಂಡಿ ಅಲುಗಿಸಿ ಕಾಲು ಬೆಚ್ಚಗಿಟ್ಟುಕೊಳ್ಳುತ್ತಿದ್ದ. ಪಂದ್ಯ ಓವರ್‌ಟೈಮ್‌ಗೆ ಹೋಯಿತು. ಐದಾರು ನಿಮಿಷವಾದ ಮೇಲೆ ಕೋಚ್ ಅವನ ಹೆಗಲು ತಟ್ಟಿದ. ಹುಡುಗ ಹಲಗೆ ಹಾರಿದ. ಪಕ್ಕನ್ನು ಎದುರಾಳಿಯ ಮೂಲೆಗೆ ತಳ್ಳಿ ಹಿಂದೆಯೇ ಓಡಿದ, ಅಲ್ಲಿದ್ದ ಡಿಫೆನ್ಸ್ ಆಟಗಾರ ತಿರುಗುವಷ್ಟರಲ್ಲಿ ಹೋಗಿ ಮೈಗೆ ಅಂಟಿಕೊಂಡ. ಆ ಡಿಫೆನ್ಸ್‌ನವನು ಬೇಸತ್ತು ಪಕ್ಕನ್ನು ಬೀಸಿ ಹೊಡೆದ, ಅದು ಈ ತುದಿಯವರೆಗೆ ಬಂತು. ಐಸಿಂಗ್. ಎದುರಿನ ಐವರು ಅಲ್ಲೇ ನಿಲ್ಲಬೇಕಾಯಿತು. ಹುಡುಗ ಬೆಂಚಿಗೆ ಬಂದ, ಮೊದಲ ಲೈನ್ ಇಳಿಯಿತು, ಫೇಸಾಫ್ ಗೆದ್ದು ಹದಿನೈದು ಸೆಕೆಂಡಿನೊಳಗೆ ಗೋಲ್. ಎಲ್ಲರೂ ಐಸ್‌ಗೆ ಹಾರುವ ಮೊದಲು ಅವನ ಕಡೆ ನೋಡಿದೆ. ಬೆಂಚಿನ ತುದಿಯಲ್ಲಿ ನಿಂತು ಕೋಲಿನಿಂದ ಹಲಗೆಯನ್ನು ಪಟಪಟ ಬಡಿಯುತ್ತಿದ್ದ.